ನಾಲ್ಕು ಕೌದಿಗಳೂ ಎರಡು ಕೈಗಳೂ

ಸುಗ್ಗಿ ತೀರಿ ಮಳೆಗಾಲವು ಇನ್ನೂ ಬಾರದಿರುವ ಬೇಸಿಗೆಯ ದಿನಗಳಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳ ಹಳ್ಳಿಮನೆಗಳ ಪಡಸಾಲೆಯಲ್ಲಿ ಕೌದಿಯ ಕೆಲಸವು ನಡೆಯುವದನ್ನು ನೀವು ಬಲ್ಲಿರಿ. ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಇವೆಲ್ಲಾ ತಿಪ್ಪೆಯ ಪಾಲಾಗದೆ ಪದರಿನ ಮೇಲೆ ಪದರಾಗಿ ಕೂಡಿ, ಸಾಲುಹೊಲಿಗೆಯಿಂದ ಒಂದಾಗಿ, ಹಾಸಲಿಕ್ಕೂ ಹೊದೆಯಲಿಕ್ಕೂ ಯೋಗ್ಯವಾಗುವವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳ ಸಿದ್ದಿ ಸ್ತ್ರೀಯರು ಇದೇ ತರದ ಹೊದಿಕೆಯನ್ನು ಕವಂದಿ ಎಂದು ಕರೆಯುವರು. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿಗೆ ಬಂದು ಮುಗಿಸುವರು. ಬಡವರ ಮನೆಯ ಈ ಕೈಕೆಲಸದಲ್ಲಿ ಒಂದು ಕಠಿಣವಾದ ಪ್ರಶ್ನೆಯು ಅಡಗಿಕೊಂಡಿದೆ. ಅದನ್ನು ಕುರಿತು ತುಸು ಆಲೋಚಿಸೋಣ.

ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಆ ಮನೆಯ ತಾಯಿಯು ಈ ಬೇಸಿಗೆಯಲ್ಲಿ ನಾಲ್ಕು ಕೌದಿಗಳನ್ನು ಹೊಲಿಯಬೇಕಾಗಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ಮಗಳಿಗೆ ಒಂದು. ಮುಪ್ಪಿನ ಮಾವನಿಗೆ ಒಂದು. ಪರಸ್ಥಳದ ಶಾಲೆಗೆ ಹೋಗಲಿರುವ ಕಿರಿಯ ಮಗನಿಗೆ ಒಂದು. ಹಿರಿಯ ಸೊಸೆಗೆ ಒಂದು. ನಾಲ್ವರಿಗೂ ಆಕೆಯು ಮಾತು ಕೊಟ್ಟಿದ್ದಾಳೆ. ಒಬ್ಬರದನ್ನು ಹಿಡಿದರೆ ಮೂವರ ಮುಖ ಬಾಡೀತೆಂದು ಹೆದರಿ, ನಾಲ್ಕನ್ನೂ ಒಟ್ಟಿಗೆ ಹರಡಿ, ಇಂದು ಇದಕ್ಕೆ, ನಾಳೆ ಅದಕ್ಕೆ ಸರತಿಯ ಮೇಲೆ ಹೊಲಿಯತೊಡಗುವಳು. ತನ್ನ ಪ್ರೀತಿಯಲ್ಲಿ ಪಕ್ಷಪಾತವಿಲ್ಲವೆಂಬದಕ್ಕೆ ಇದೇ ಸಾಕ್ಷಿಯೆಂದು ಆಕೆಯು ಭಾವಿಸುವಳು. ಇದು ನ್ಯಾಯವೋ? ಅನೇಕರನ್ನು ಸಮವಾಗಿ ಪ್ರೀತಿಸುವವಳು ಅನೇಕರ ಕೆಲಸವನ್ನು ಸಮವಾಗಿ ಮುಂದರಿಸಲೇಬೇಕೋ?

ಮೊದಲು ಲೆಕ್ಕವನ್ನು ನೋಡೋಣ. ಪ್ರೀತಿಗೆ ಲೆಕ್ಕವೇಕೆ ಎಂದು ಅನ್ನಬೇಡಿರಿ. ಲೆಕ್ಕ ಬಾರದ ಪ್ರೀತಿಯಿಂದ ಎಷ್ಟೋ ಮನೆಗಳಲ್ಲಿ ಕಣ್ಣೀರು ಬಂದದ್ದುಂಟು. ಕೌದಿಯು 6 ಅಡಿ ಉದ್ದ, 4 ಅಡಿ ಅಗಲ ಇರಲಿ. ಅರ್ಧ ಅಂಗುಲಕ್ಕೊಂದು ಸಾಲು ಹಾಕಿದರೆ 96 ಸಾಲುಗಳಾಗುವವು. ಒಂದೊಂದು ಸಾಲು 6 ಅಡಿಯಂತೆ ಒಟ್ಟು 576 ಅಡಿಯ ಹೊಲಿಗೆ. ಅಂಗುಲಕ್ಕೆ 3 ಸಾರಿ ಸೂಜಿ ಇಳಿದರೆ ಒಂದು ಕೌದಿಗೆ 20,736 ಸಾರಿ ಇಳಿಯಬೇಕು. ಒಲೆಯ ಕೆಲಸ, ನೀರಿನ ಕೆಲಸ, ದನಕರುಗಳ ಕೆಲಸ ತೀರಿಸಿಕೊಂಡು ದಿನಕ್ಕೆ 6 ಸಾಲು ಹೊಲಿದರೆ ಒಂದು ಕೌದಿಗೆ 16 ದಿನ, ನಾಲ್ಕಕ್ಕೆ 64 ದಿನ ಹಿಡಿಯುವದು.

ಇನ್ನು ಎರಡು ಮಾರ್ಗಗಳನ್ನೂ ಹೋಲಿಸಿರಿ. ಒಂದಾದ ಮೇಲೆ ಒಂದನ್ನು ಹೊಲಿದರೆ 16ನೆಯ ದಿನ ಒಬ್ಬರಿಗೂ, 32ನೆಯ ದಿನ ಇನ್ನೊಬ್ಬರಿಗೂ, 48ನೆಯ ದಿನ ಮೂರನೆಯವರಿಗೂ, 64ನೆಯ ದಿನ ಕಡೆಯವರಿಗೂ ಹೊದಿಕೆಯು ಕೈಸೇರುವದು. ದಿನಕ್ಕೊಂದರಂತೆ ಸರತಿಯ ಮೇಲೆ ಹೊಲಿದರೆ 60ನೆಯ ದಿನದ ತನಕ ಯಾರಿಗೂ ಏನೂ ಇಲ್ಲ; 61ರಿಂದ 64ರೊಳಗೆ ನಾಲ್ಕೂ ಮುಗಿಯುವವು. ಕಡೆಯವರಿಗೆ ಇದರಿಂದ ಲಾಭವಾಯಿತೋ? ಒಂದು ದಿನವೂ ಇಲ್ಲ. ಅವರು ಆಗಲೂ 64ನೆಯ ದಿನದ ವರೆಗೆ ಕಾಯಬೇಕಿತ್ತು, ಈಗಲೂ ಕಾಯಬೇಕು. ಮಿಕ್ಕ ಮೂವರಿಗಾದರೋ ನಷ್ಟವೇ ಆಯಿತು. ಸಮಾನತ್ವದಂತೆ ತೋರಿದ್ದು ನಿಜವಾಗಿ ಏನು? ಯಾರಿಗೂ ಕೊಡದೆ ಇರುವದರಲ್ಲಿ ಮಾತ್ರ ಸಮಾನತ್ವ.

ಆದಕಾರಣ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಪ್ರೀತಿಯು ಹಂಚಿದಷ್ಟೂ ಕಡಿಮೆಯಾಗದು. ನಾಲ್ಕು ಮಕ್ಕಳ ತಾಯಿಗೆ ಒಂದೊಂದು ಮಗುವಿನ ಮೇಲೆ ಕಾಲು ಪಾಲಿನ ಪ್ರೀತಿ ಎಂದು ಯಾರೂ ಹೇಳರು. ಆದರೆ ಕೈಗಳು ಎರಡೇ, ಹಗಲು ಒಂದೇ. ಇವು ಹಂಚಿದಷ್ಟೂ ಕಡಿಮೆಯಾಗುವವು. ಪ್ರೀತಿಯ ಧರ್ಮವನ್ನು ಕೈಗಳ ಮೇಲೆ ಹೇರಿದರೆ ಕೈಗಳು ಸೋಲುವವು. ಆಗ ಪ್ರೀತಿಗೂ ಕೆಟ್ಟ ಹೆಸರು ಬರುವದು.

ಹಾಗಾದರೆ ಒಂದು ಮುಗಿಯುವ ತನಕ ಮತ್ತೊಂದನ್ನು ಮುಟ್ಟಲೇಬಾರದೋ ಎಂದು ಕೇಳುವಿರಿ. ಹಾಗೂ ಅಲ್ಲ. ಕೌದಿಯಲ್ಲಿ ಹೊಲಿಯುವ ಕೆಲಸಕ್ಕೆ ಮುಂಚೆ ಬಟ್ಟೆಯನ್ನು ವಿಂಗಡಿಸುವ ಕೆಲಸವೊಂದುಂಟು. ಪೆಟ್ಟಿಗೆಯಲ್ಲಿ ತೀರಿಹೋದ ಅಜ್ಜಿಯ ಇಳಕಲ್ ಸೀರೆಯೊಂದು ಇದೆ ಎಂದು ಭಾವಿಸಿರಿ. ಮೊದಲನೆಯ ಕೌದಿಗೇ ಅದನ್ನೆಲ್ಲಾ ಕತ್ತರಿಸಿ ಬಳಸಿದರೆ, ಅದು ಎಷ್ಟು ಬೇಗ ಮುಗಿದರೂ ಅನ್ಯಾಯವೇ ಸರಿ. ಯಾಕಂದರೆ ಅಜ್ಜಿಯು ನಾಲ್ವರಿಗೂ ಸೇರಿದವಳು, ಆ ಸೆರಗು ಇನ್ನೊಮ್ಮೆ ಸಿಕ್ಕದು. ಆದಕಾರಣ ವಿಂಗಡಿಸುವಾಗ ನಾಲ್ಕೂ ಕೌದಿಗಳು ಒಟ್ಟಿಗೆ ಕಣ್ಣ ಮುಂದೆ ಇರಲೇಬೇಕು. ಆ ಸೆರಗಿನ ತುಂಡು ನಾಲ್ಕರಲ್ಲಿಯೂ ಬೀಳಲಿ. ನೆನಪನ್ನು ಸಮವಾಗಿ ಹಂಚಬೇಕು; ಕಾವನ್ನಾದರೋ ಚಳಿಯನ್ನು ನೋಡಿ ಹಂಚಬೇಕು. ಹಿರಿಯರ ಆಸ್ತಿಯನ್ನೂ ಅನ್ನವನ್ನೂ ಹಂಚುವ ಮನೆಗಳಲ್ಲಿ ನಡೆಯುವ ಜಗಳಗಳು ಬಹಳ ಮಟ್ಟಿಗೆ ಈ ಎರಡು ನ್ಯಾಯಗಳನ್ನು ಅದಲುಬದಲು ಮಾಡಿದ್ದರಿಂದಲೇ ಹುಟ್ಟುವವು.

ಇನ್ನು ಯಾರದನ್ನು ಮೊದಲು ಹಿಡಿಯಬೇಕು? ಮಗು ಅಳದೆ ತಾಯಿ ಹಾಲು ಕೊಡಳು ಎಂಬ ಗಾದೆಯುಂಟು. ಆದರೆ ಅತ್ತವನಿಗೇ ಮೊದಲು ಕೊಡುವ ಮನೆಯಲ್ಲಿ ಎಲ್ಲರೂ ಅಳುವದನ್ನು ಕಲಿಯುವರು. ಅಳಲಾರದವರು ಚಳಿಯಲ್ಲಿ ಉಳಿಯುವರು. ಮುಪ್ಪಿನ ಮಾವನು, "ನನಗ್ಯಾಕವ್ವಾ, ಮೊದಲು ಹುಡುಗರಿಗೆ ಮಾಡು" ಎನ್ನುವನು. ಆತನ ಮಾತು ದೊಡ್ಡದು. ಆದರೆ ಆತನ ಹಳೆಯ ಕೌದಿಯು ನಡುವೆ ಸವೆದು ಬೆಳಕು ಕಾಣುವಂತಾಗಿದೆ ಎಂಬದೂ ಸತ್ಯ. ಆದಕಾರಣ ಬಾಯಿಯ ಮಾತಿಗಿಂತ ಎರಡು ಸಂಗತಿಗಳನ್ನು ವಿಚಾರಿಸತಕ್ಕದ್ದು. ಯಾರ ಅವಶ್ಯಕತೆಗೆ ದಿನವು ಗೊತ್ತಾಗಿದೆ? ಆ ದಿನದ ತನಕ ಯಾರಿಗೆ ಬೇರೆ ಹೊದಿಕೆಯಿಲ್ಲ? ಹೆರಿಗೆಯು ಯಾರಿಗಾಗಿಯೂ ಕಾಯದು. ಆದ್ದರಿಂದ ಮಗಳದು ಮೊದಲು. ಮಳೆಯ ಗಾಳಿ ಬೀಸುವದಕ್ಕೆ ಮುಂಚೆ ಮಾವನದು. ಶಾಲೆ ತೆರೆಯುವದರೊಳಗೆ ಮಗನದು. ಸೊಸೆಯದು ಕಡೆಗೆ, ಯಾಕಂದರೆ ಆಕೆಯ ಹಳೆಯ ಕೌದಿಯು ಇನ್ನೊಂದು ಮಳೆಗಾಲವನ್ನು ತಾಳೀತು.

ಆದರೆ ಇಲ್ಲಿಯೇ ಒಂದು ಅಪಾಯವಿದೆ. ಅವಶ್ಯಕತೆ ಎಂಬ ನ್ಯಾಯವು ಒಳ್ಳೇದೇ. ಅದನ್ನು ವರುಷ ವರುಷವೂ ನಡಿಸುತ್ತಾ ಬಂದರೆ, ತನ್ನ ವಸ್ತುವನ್ನು ಜೋಪಾನವಾಗಿ ಬಳಸುವವಳೂ ದೂರು ಹೇಳದವಳೂ ಯಾವಾಗಲೂ ಕಡೆಯವಳಾಗುವಳು. ನಮ್ಮ ಮನೆಗಳಲ್ಲಿ ಆ ಕಡೆಯವಳು ಬಹಳ ಸಾರಿ ಸೊಸೆಯೇ ಅಲ್ಲವೋ? ಈ ವರುಷ ಕಡೆಗೆ ನಿಂತವಳು ಬರುವ ವರುಷ ಮೊದಲು ನಿಲ್ಲತಕ್ಕದ್ದು. ಅದನ್ನು ಈಗಲೇ, ಎಲ್ಲರೂ ಕೇಳುವಂತೆ, ಹೇಳಿಬಿಡಬೇಕು. ತಡೆದು ಕೊಡುವದು ಅನ್ಯಾಯವಲ್ಲ. ಯಾವಾಗಲೂ ಒಬ್ಬಳಿಗೇ ತಡೆಯುವದು ಅನ್ಯಾಯ.

ಮಾತು ಕೊಡುವದರಲ್ಲಿಯೂ ಎಚ್ಚರಿಕೆ ಬೇಕು. ನಾಲ್ವರಿಗೂ "ನಿನ್ನದು ನಡೆದಿದೆ" ಎಂದು ಹೇಳುವದು ಸುಲಭ, ಕೇಳಲಿಕ್ಕೂ ಇಂಪು. "ನಿನ್ನದನ್ನು ಇನ್ನೂ ತೊಡಗಿಲ್ಲ, ಇಂಥ ತಿಂಗಳಲ್ಲಿ ಮುಗಿಸುವೆನು" ಎಂದು ಹೇಳುವದು ಕಷ್ಟ. ಆದರೆ ಕೇಳಿದವನು ಅಷ್ಟರ ತನಕ ಬೇರೊಂದು ಏರ್ಪಾಡನ್ನು ಮಾಡಿಕೊಳ್ಳಬಲ್ಲನು. ಕೌದಿಯು ಸಿದ್ಧವಾಗುವದಕ್ಕೆ ಮುಂಚೆ ಚಳಿ ಬಂದರೆ ಪೇಟೆಯಿಂದ ಒಂದು ಕಂಬಳಿಯನ್ನು ತರಿಸಿರಿ. ಕೈಯ ಕೆಲಸದ ಗೌರವಕ್ಕಾಗಿ ಮುದುಕನು ನಡುಗಬಾರದು.

ಯೊಪ್ಪ ಪಟ್ಟಣದ ತಬಿಥಾ ಎಂಬಾಕೆಯ ವೃತ್ತಾಂತವು ನಿಮಗೆ ತಿಳಿದದ್ದೇ. ಆಕೆಯು ಸತ್ತಾಗ ವಿಧವೆಯರು ಅಳುತ್ತಾ ತೋರಿಸಿದ್ದು ಆಕೆಯು ಹೊಲಿದು ಕೊಟ್ಟಿದ್ದ ಬಟ್ಟೆಗಳನ್ನು. ಆಕೆಯು ಹೊಲಿಯಬೇಕೆಂದಿದ್ದವುಗಳ ಸುದ್ದಿ ಅಲ್ಲಿಲ್ಲ. ಅರ್ಧವಾದ ನಾಲ್ಕು ಕೌದಿಗಳು ಪೆಟ್ಟಿಗೆಯಲ್ಲಿ ಇಲಿಯ ಪಾಲಾಗಬಹುದು. ಮುಗಿದ ಒಂದು ಕೌದಿಯು ಒಂದು ಮೈಯನ್ನಾದರೂ ಬೆಚ್ಚಗಿಡುವದು. ಕವಂದಿಯ ನಡುವಿನ ಕಡೆಯ ತುಂಡಿನ ಕೆಳಗೆ ಕೆಲವು ಅಕ್ಕಿಕಾಳುಗಳನ್ನಿಟ್ಟು ಹೊಲಿಯುವವರೂ ಸಿದ್ದಿಯರಲ್ಲಿ ಉಂಟು. ಅಂಚಿನಲ್ಲಿಯೇ ಬಿಟ್ಟು ಎದ್ದವಳಿಗೆ ಆ ಕಾಳನ್ನಿಡುವ ಸ್ಥಳವು ಎಂದೂ ಸಿಕ್ಕದು.

ಕಡೆಯದಾಗಿ ಮನೆಯವರಿಗೆ ಒಂದು ಮಾತು. ನಾಲ್ಕು ಕೌದಿಗಳಿಗೆ ಎರಡೇ ಕೈಗಳು ಎಂದು ಇಷ್ಟು ಹೊತ್ತು ಹೇಳಿದೆವು. ಆ ಮನೆಯಲ್ಲಿ ನಿಜವಾಗಿ ಕೈಗಳೆಷ್ಟು? ಹರಡಿದ ಕೌದಿಯ ಎರಡು ಮಗ್ಗುಲಿಗೆ ಇಬ್ಬರು ಕೂತು ಹೊಲಿಯಬಹುದು. ಆಗ 16 ದಿನದ ಕೆಲಸವು 8 ದಿನದ್ದಾಗುವದು. ಶಾಲೆಗೆ ಹೋಗುವ ಮಗನ ಕಣ್ಣು ಚುರುಕಾಗಿದೆ. ಅವನು ಸೂಜಿಗೆ ದಾರವನ್ನು ಪೋಣಿಸಿ ಕೊಡಲಿ. ಮಾವನು ಹಳೆಯ ಬಟ್ಟೆಯ ಹೊಲಿಗೆಯನ್ನು ಬಿಚ್ಚಿ ಕೊಡಲಿ. ಪ್ರೀತಿಯನ್ನು ಪಡೆಯುವವರು ಸಾಲಿನಲ್ಲಿ ನಿಂತು ಯಾರ ಸರತಿ ಮೊದಲೆಂದು ನೋಡುವದಕ್ಕಿಂತ ಸೂಜಿಯ ಬಳಿಗೆ ಬಂದು ಕೂತುಕೊಳ್ಳುವದು ಲೇಸು.

ನಾಲ್ಕೂ ಮುಗಿದು ಮಡಿಸಿಟ್ಟ ದಿನ ಇನ್ನೊಂದು ಪ್ರಶ್ನೆಯನ್ನು ಕೇಳಿರಿ: ಇಷ್ಟನ್ನೂ ಹೊಲಿದ ತಾಯಿಯು ರಾತ್ರಿ ಏನನ್ನು ಹೊದೆದು ಮಲಗುವಳು? ಮೊದಲಿನ ಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. ನಾವೂ ಲೆಕ್ಕ ಮಾಡುವಾಗ ಅದನ್ನು ಕೇಳಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರಿಗಾಗಿ ಹೊಲಿಯುವವಳೇ ತನ್ನ ಮೇಲೆ ನಡಿಸಿಕೊಂಡು ಮುದುರಿ ಮಲಗುವಳು. ವಾಚಕರೇ, ಐದನೆಯ ಕೌದಿಯನ್ನು ನೀವು ತೊಡಗಿರಿ. ಉಳಿದ ಚೂರುಗಳಿಂದಲ್ಲ, ಪೆಟ್ಟಿಗೆಯಲ್ಲಿರುವ ಒಳ್ಳೇ ಬಟ್ಟೆಯಿಂದ.