ಬೋವಜ ಆ ರಾತ್ರಿ ಏನು ಮಾಡಿದ? (ಯೌವನಸ್ಥರ ಕೂಟದ ಸಂದೇಶ)

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಯೌವನಸ್ಥರು ಬಂದಿದ್ದೀರಿ, ದೇವರಿಗೆ ಸ್ತೋತ್ರ. ನಿಮ್ಮಲ್ಲಿ ಎಷ್ಟೋ ಜನ ವಾರವೆಲ್ಲ ಬೆಂಗಳೂರಲ್ಲಿ ಪಿಜಿಯಲ್ಲೋ ರೂಮಲ್ಲೋ ಇದ್ದು, ಪೀಣ್ಯ, ನೆಲಮಂಗಲ ಕಡೆ ಕೆಲಸ ಮಾಡಿ, ಶನಿವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಬರೋರು. ಅದಕ್ಕೇ ಇವತ್ತು ಸುತ್ತಿ ಬಳಸಿ ಮಾತಾಡಲ್ಲ. ಪ್ರೀತಿ ಮಾಡ್ತಿರೋ ಹುಡುಗ ಹುಡುಗಿ ಮದುವೆಗೆ ಮುಂಚೆ ದೇಹದ ವಿಷಯದಲ್ಲಿ ಎಲ್ಲಿ ನಿಲ್ಲಬೇಕು? ಇದೇ ಇವತ್ತಿನ ವಿಷಯ.

ನನ್ನ ಹತ್ತಿರ ಬಂದು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. “ಪಾಸ್ಟರ್, ಕೈ ಹಿಡ್ಕೊಂಡ್ರೆ ಪಾಪಾನಾ? ತಬ್ಬಿಕೊಂಡ್ರೆ? ಮುತ್ತು ಕೊಟ್ರೆ?” ಅವರಿಗೆ ಒಂದು ಪಟ್ಟಿ ಬೇಕು. ಪಟ್ಟಿ ಕೊಟ್ಟರೆ ಏನಾಗುತ್ತೆ ಗೊತ್ತಾ? ಪಟ್ಟಿಯಲ್ಲಿ ಇಲ್ಲದ್ದು ಯಾವುದು ಅಂತ ಹುಡುಕ್ತಾರೆ. ಜಾರತ್ವ ಬೇಡ ಅಂತ ವಾಕ್ಯ ಸ್ಪಷ್ಟವಾಗಿ ಹೇಳುತ್ತೆ. ಗಂಡ ಹೆಂಡತಿಯ ಸಂಬಂಧ ಮದುವೆಯ ಒಳಗೆ ಮಾತ್ರ, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಅಲ್ಲಿಗೆ ಮುಟ್ಟೋ ದಾರಿಯನ್ನ ಬೈಬಲ್ ಅಡಿ ಅಂಗುಲದಲ್ಲಿ ಅಳೆದು ಕೊಟ್ಟಿಲ್ಲ.

1 ಥೆಸಲೊನೀಕ 4ನೇ ಅಧ್ಯಾಯ ತೆಗೀರಿ. ಪೌಲನು ಪರಿಶುದ್ಧತೆಯ ಬಗ್ಗೆ ಬರೀತಾ ಬರೀತಾ 6ನೇ ವಚನದಲ್ಲಿ, ಈ ವಿಷಯದಲ್ಲಿ ಯಾರೂ ಸಹೋದರನಿಗೆ ವಂಚನೆ ಮಾಡಬಾರದು ಅನ್ನೋ ಅರ್ಥದಲ್ಲಿ ಹೇಳ್ತಾನೆ. ವಂಚನೆ! ಅದು ಸಂತೆಯಲ್ಲಿ ತೂಕ ಹೊಡೆಯೋರಿಗೆ ಹೇಳೋ ಮಾತಲ್ವಾ? ಅಂದ್ರೆ ಇದು ನಾನು, ನನ್ನ ಆಸೆ, ನನ್ನ ಪರಿಶುದ್ಧತೆ, ಇಷ್ಟರಲ್ಲಿ ಮುಗಿಯೋ ವಿಷಯ ಅಲ್ಲ. ಎದುರಿಗೆ ಇನ್ನೊಂದು ಜೀವ ಇದೆ. ಹೊಣೆ ಹೊರದೆ ತಗೊಂಡರೆ ಅದು ವಂಚನೆ.

“ಇಬ್ಬರಿಗೂ ಒಪ್ಪಿಗೆ ಇದೆ, ಯಾರಿಗೆ ನಷ್ಟ?” ಅಂತೀರಿ. ಒಪ್ಪಿಗೆ ಬೇಕೇ ಬೇಕು. ಅದಿಲ್ಲದಿದ್ದರೆ ಅದು ಪ್ರೀತಿನೇ ಅಲ್ಲ, ಅಪರಾಧ. 18 ತುಂಬದವರ ವಿಷಯದಲ್ಲಂತೂ, ಅವರು ತಾವಾಗೇ ಒಪ್ಪಿದ್ದರೂ 2012ರ ಪೋಕ್ಸೋ ಕಾಯ್ದೆ ಅದನ್ನ ಒಪ್ಪಿಗೆ ಅಂತ ಎಣಿಸಲ್ಲ, ತಿಳ್ಕೊಳ್ಳಿ. ಆದರೆ ಇಬ್ಬರೂ ಸಮವಾಗಿ ಒಪ್ಪಿದ ಮಾತ್ರಕ್ಕೆ ಇಬ್ಬರೂ ಸಮವಾಗಿ ಬೆಲೆ ತೆರೋದಿಲ್ಲ. ನಮ್ಮ ಕಡೆ ಹಳ್ಳಿಗಳು ನಿಮಗೇ ಗೊತ್ತು. ಸುದ್ದಿ ಊರು ಮುಟ್ಟಿದ್ರೆ ಹುಡುಗನಿಗೆ ನಾಲ್ಕು ಬೈಗುಳ, ಸೋಮವಾರ ಅವನು ಮತ್ತೆ ಕೆಲಸಕ್ಕೆ. ಹುಡುಗಿಯ ಓದು ನಿಲ್ಲುತ್ತೆ, ಫೋನ್ ಕಿತ್ಕೊಳ್ತಾರೆ, ತಿಂಗಳೊಳಗೆ ಸಿಕ್ಕಿದವರಿಗೆ ಕೊಟ್ಟು ಮದುವೆ. ಅವಳು ವಿಶ್ವಾಸಿಗಳಲ್ಲದ ಮನೆಯಿಂದ ಬಂದವಳಾಗಿದ್ರೆ “ಚರ್ಚಿಗೆ ಹೋಗಿ ಕಲಿತಿದ್ದು ಇದೇನಾ” ಅನ್ನೋ ಮಾತು ಬೇರೆ. ತಮ್ಮಾ, ಆ ಬೆಲೆ ನೀನು ಕಟ್ಟಿಕೊಡ್ತೀಯಾ? ಇನ್ನೊಂದು ಮಾತು, 1 ಕೊರಿಂಥ 6ನೇ ಅಧ್ಯಾಯದ ಪ್ರಕಾರ ಈ ದೇಹ ಕ್ರಯಕ್ಕೆ ಕೊಂಡುಕೊಂಡದ್ದು. ನೀವಿಬ್ಬರು ಒಪ್ಪಿದಾಗ, ಕೊಂಡುಕೊಂಡವನನ್ನ ಕೇಳಿದಿರಾ?

ಈಗ ರೂತಳ ಪುಸ್ತಕ, 3ನೇ ಅಧ್ಯಾಯ. ಬೋವಜನು ಜವೆಗೋದಿ ತೂರಿ, ಊಟ ಮಾಡಿ, ಕಣದಲ್ಲೇ ರಾಶಿ ಪಕ್ಕ ಮಲಗಿದ್ದಾನೆ. ಕಣ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. (ಈಗ ನಮ್ಮೋರು ರಾಗಿ ತೆನೆ ಟಾರ್ ರೋಡಿಗೇ ಹಾಸಿ ಲಾರಿ ಕೈಲಿ ತುಳಿಸ್ತಾರೆ, ಅದು ಬೇರೆ ಮಾತು.) ಮಧ್ಯರಾತ್ರಿ ಎಚ್ಚರ ಆದ್ರೆ ಕಾಲ ಹತ್ತಿರ ಒಬ್ಬ ಹೆಂಗಸು. ವಿಧವೆ, ಪರದೇಶದವಳು, ಕೇಳೋಕೆ ಅಣ್ಣತಮ್ಮಂದಿರಿಲ್ಲ. ಬಂದಿರೋದೂ ಅವಳೇ. ಕತ್ತಲು ಬೇರೆ. ನಮ್ಮ ಹುಡುಗರು ಹೇಳೋ ಎಲ್ಲಾ ಕಾರಣಗಳೂ ಅವನಿಗೆ ಆ ರಾತ್ರಿ ಸಿಕ್ಕಿದ್ವು.

ಬೋವಜ ಅವಳನ್ನ ಬೈಯಲಿಲ್ಲ, ಅವಮಾನ ಮಾಡಲಿಲ್ಲ, ಅದನ್ನ ಗಮನಿಸಿ. ನಿನ್ನ ಮೇಲೆ ನನಗಿಂತ ಹತ್ತಿರದ ಹಕ್ಕಿರೋ ಬಂಧು ಒಬ್ಬ ಇದ್ದಾನೆ, ಮೊದಲು ಅದು ಇತ್ಯರ್ಥ ಆಗಬೇಕು ಅಂದ. ಅಂದ್ರೆ ಅವಳಿನ್ನೂ ತನ್ನವಳಲ್ಲ ಅನ್ನೋದು ಕತ್ತಲಲ್ಲೂ ಅವನಿಗೆ ನೆನಪಿತ್ತು. ಮುಖ ಗುರುತು ಹತ್ತೋಕೆ ಮುಂಚೆ ಅವಳನ್ನ ಎಬ್ಬಿಸಿ ಕಳಿಸ್ದ, ಹೆಣ್ಣುಮಗಳು ಕಣಕ್ಕೆ ಬಂದಿದ್ದು ಯಾರಿಗೂ ಗೊತ್ತಾಗಬಾರದು ಅಂತ. ಅವಳ ಹೆಸರು ಕೆಡಬಾರದು ಅನ್ನೋ ಕಾಳಜಿ. ಬರಿಗೈಲೂ ಕಳಿಸಲಿಲ್ಲ, ಸೆರಗಿಗೆ ಆರು ಅಳತೆ ಜವೆಗೋದಿ ಹಾಕಿ ಹೊರಿಸ್ದ. ಅತ್ತೆ ನೊವೊಮಿಗೆ ಒಂದು ನಂಬಿಕೆ ಇತ್ತು, ಈ ಮನುಷ್ಯ ಇವತ್ತು ಇದನ್ನ ಮುಗಿಸದೆ ಸುಮ್ಮನಿರಲ್ಲ ಅಂತ. ಹಾಗೇ ಆಯ್ತು. ಅವನು ನೇರ ಊರ ಬಾಗಿಲಿಗೆ ಹೋಗಿ, ಹತ್ತು ಜನ ಹಿರಿಯರನ್ನ ಕೂರಿಸಿ, ಎಲ್ಲರ ಎದುರಿಗೆ ಅವಳನ್ನ ಮದುವೆ ಆಗ್ತೀನಿ ಅಂದ.

ನಿಮ್ಮ ಪಟ್ಟಿ ಬದಲು ನಾನು ಕೇಳೋದು ಇದನ್ನ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯ್ತಾ ಕೈ ಹಿಡ್ಕೊಂಡವನು ಬೆಳಗ್ಗೆ ಅವಳಪ್ಪನ ಮುಂದೆ ಕೂತು ಮಾತಾಡ್ತಾನಾ? ಜಾತಿ ಬೇರೆ ಅಂತ ಮನೆಯಲ್ಲಿ ಗಲಾಟೆ ಆದಾಗ ನಿಲ್ತಾನಾ? ಮಾತಾಡೋ ಧೈರ್ಯ ಇನ್ನೂ ಇಲ್ಲ ಅಂದ್ರೆ ಮುಟ್ಟೋ ಅವಸರ ಯಾಕೆ?

“ನಿಶ್ಚಿತಾರ್ಥ ಆಗಿದೆಯಲ್ಲ ಪಾಸ್ಟರ್, ಹೆಂಗೂ ಮದುವೆ ಆಗ್ತೀವಿ” ಅನ್ನೋರು ಮತ್ತಾಯ 1ನೇ ಅಧ್ಯಾಯ ಓದಿ. ಮರಿಯಳು ಯೋಸೇಫನಿಗೆ ನಿಶ್ಚಯವಾಗಿದ್ದವಳು, ಆ ಕಾಲದಲ್ಲಿ ಅದನ್ನ ಮುರಿಯೋಕೆ ವಿಚ್ಛೇದನವೇ ಬೇಕಿತ್ತು. ಆದರೂ ಅವರು ಕೂಡಿರಲಿಲ್ಲ. “ದೇವರ ಮುಂದೆ ಮನಸ್ಸಲ್ಲೇ ಮದುವೆ ಆಗಿದ್ದೀವಿ” ಅನ್ನೋದೂ ನಡೆಯಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಕೂಡ ಕನಿಷ್ಠ ಇಬ್ಬರು ಸಾಕ್ಷಿಗಳನ್ನ ಕೇಳುತ್ತೆ. ಮನಸ್ಸಿಗೆ ಸಾಕ್ಷಿ ಯಾರು? ಬೇಕಾದಾಗ ಮಾತು ಬದಲಾಯಿಸೋಕೆ ಅನುಕೂಲ ಅಷ್ಟೇ.

ಫೋನಿನ ಬಗ್ಗೆ ಹೆಚ್ಚು ಹೇಳಲ್ಲ. ಫೋಟೋ ಕಳಿಸು ಅಂತ ಕಾಡೋದೂ ಮುಟ್ಟಿದ ಹಾಗೇ. ತಂಗೀ, ಒಂದು ಸಲ ಬೇಡ ಅಂದಮೇಲೂ ಕಾಡೋನು ಮದುವೆ ಆದಮೇಲೂ ನಿನ್ನ ಬೇಡ ಅನ್ನೋ ಮಾತಿಗೆ ಬೆಲೆ ಕೊಡೋದು ಅನುಮಾನ. 2 ಸಮುವೇಲ 13ರಲ್ಲಿ ತಾಮಾರಳು ಎಷ್ಟು ಬೇಡಿಕೊಂಡರೂ ಅಮ್ನೋನ ಕೇಳಲಿಲ್ಲ. ಆಮೇಲೆ ಅವನಿಗೆ ಬಂದ ದ್ವೇಷ ಮೊದಲಿದ್ದ ಮೋಹಕ್ಕಿಂತ ಹೆಚ್ಚಿತ್ತು. ಬಲವಂತಕ್ಕೆ ಸಿಕ್ಕಿದವರು ಯಾರಾದ್ರೂ ಇಲ್ಲಿದ್ದರೆ ಕೇಳಿಸ್ಕೊಳ್ಳಿ, ಅದು ನಿಮ್ಮ ಪಾಪ ಅಲ್ಲ. ಹೊಲದಲ್ಲಿ ಕೂಗಿಕೊಂಡ ಹೆಣ್ಣಿನ ಮೇಲೆ ಅಪರಾಧ ಇಲ್ಲ ಅಂತ ಧರ್ಮೋಪದೇಶಕಾಂಡ 22ನೇ ಅಧ್ಯಾಯ ಆಗಲೇ ತೀರ್ಮಾನ ಮಾಡಿದೆ.

ಒಪ್ಪಿಕೊಂಡೇ ಮಿತಿ ದಾಟಿದವರೂ ಇಲ್ಲಿ ಇರಬಹುದು. ಯೋಹಾನ 8ರಲ್ಲಿ ಹೆಂಗಸೊಬ್ಬಳನ್ನೇ ಎಳ್ಕೊಂಡು ಬಂದ್ರು, ಗಂಡಸು ಎಲ್ಲಿ ಹೋದ? ನಮ್ಮ ಸಭೆಗಳಲ್ಲೂ ಹುಡುಗಿಯ ದುಪಟ್ಟಾ ಬಗ್ಗೆ ನಡೆಯೋ ಬೋಧನೆ ಹುಡುಗನ ಕಣ್ಣಿನ ಬಗ್ಗೆ ನಡೆಯಲ್ಲ. ಯೇಸು ಕಲ್ಲು ಎತ್ತಲಿಲ್ಲ, ಇನ್ನು ಮೇಲೆ ಪಾಪ ಬೇಡ ಅಂತ ಹೇಳೋದನ್ನೂ ಬಿಡಲಿಲ್ಲ. ಒಂದು ಸಲ ಆಗೋಯ್ತು, ಇನ್ನೇನು ಉಳೀತು ಅಂತ ಅದರಲ್ಲೇ ಮುಂದುವರಿಯಬೇಡಿ. ಈ ಕೂಟ ಮುಗಿದ ಮೇಲೆ ಹುಡುಗಿಯರು ಸಭೆಯ ಅಕ್ಕಂದಿರ ಹತ್ತಿರ, ಹುಡುಗರು ನನ್ನ ಹತ್ತಿರ ಬನ್ನಿ. ಹೆಸರು ಬರೆದುಕೊಳ್ಳಲ್ಲ, ಮನೆಗೆ ಫೋನ್ ಮಾಡಲ್ಲ. 18 ತುಂಬದವರ ಮೇಲೆ ಯಾರಾದ್ರೂ ಕೈ ಮಾಡಿದ್ದರೆ ಮಾತ್ರ ಅದನ್ನ ಮುಚ್ಚಿಡೋಕಾಗಲ್ಲ, ಕಾನೂನಿನ ಪ್ರಕಾರ ತಿಳಿಸಲೇಬೇಕು. ಆಗ ನಿಮ್ಮ ಜೊತೆ ನಾವೂ ಬರ್ತೀವಿ.

ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.