ಹಳ್ಳದ ದಂಡೆ ಯಾರದು?

ಹೊಲಕ್ಕೆ ಒಡೆಯನಿದ್ದಾನೆ, ಹಿತ್ತಲಿಗೆ ಒಡತಿಯಿದ್ದಾಳೆ, ಬಾವಿಗೆ ಪಾಲುಗಾರರಿದ್ದಾರೆ. ಊರ ಹೊರಗೆ ಹರಿಯುವ ಹಳ್ಳದ ದಂಡೆ ಯಾರದೆಂದು ಕೇಳಿದರೆ, ಸರ್ಕಾರದ್ದೆಂದು ಒಬ್ಬನೂ ಊರಿನದೆಂದು ಮತ್ತೊಬ್ಬನೂ ಹೇಳಿ ಸುಮ್ಮನಾಗುತ್ತಾರೆ. ದನ ಬಿಡುವಾಗ ಅದು ಎಲ್ಲರದು. ಉಸುಕು ಹೇರುವಾಗ ಬಲವುಳ್ಳವನದು. ಅಲ್ಲಿಯ ಗಿಡ ಒಣಗಿದಾಗ ಯಾರದೂ ಅಲ್ಲ. ತನ್ನದಲ್ಲದ ನೆಲಕ್ಕಾಗಿ, ತಾನು ಉಣ್ಣದ ಫಲಕ್ಕಾಗಿ, ಕೂಲಿಯಿಲ್ಲದೆ ದುಡಿಯುವದು ಮನುಷ್ಯನ ಕರ್ತವ್ಯವೋ, ಅಥವಾ ಹೊಟ್ಟೆ ತುಂಬಿದವರ ವಿನೋದವೋ ಎಂಬದನ್ನು ಈ ತಿಂಗಳು ನಾವು ಕೂಡಿ ವಿಚಾರಿಸೋಣ.

ತಾಂಡೂರಿನ ಕಡೆಯಿಂದ ಇಳಿದು ಬರುವ ಕಾಗಿಣಾ ನದಿಯು ಸೇಡಂ ತಾಲೂಕಿನಲ್ಲಿ ಮಳಖೇಡದ ಹಳೇ ಕೋಟೆಯ ಬದಿಗೆ ಹರಿದು, ಚಿತ್ತಾಪುರ ಶಹಾಬಾದಗಳ ಸೀಮೆಯನ್ನು ದಾಟಿ ಭೀಮೆಯನ್ನು ಕೂಡುತ್ತದೆ. ಚಿಂಚೋಳಿಯ ಮುಲ್ಲಾಮಾರಿಯ ನೀರೂ ಕಾಗಿಣೆಗೇ ಬರುವಂಥದು. ಇವುಗಳಿಗೆ ನೀರು ತರುವ ಚಿಕ್ಕ ಹಳ್ಳಗಳಿಗಾದರೋ ನಕ್ಷೆಯಲ್ಲಿ ಹೆಸರಿರುವದು ಅಪರೂಪ. ಬೇಸಿಗೆಯಲ್ಲಿ ಅವು ಬರೀ ಕಲ್ಲು ಉಸುಕು. ಆದರೆ 2020ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಇವೇ ಹಳ್ಳಗಳು ತುಂಬಿ ಬಂದು ಕಾಗಿಣೆಯು ದಂಡೆ ಮೀರಿ ಹರಿದದ್ದನ್ನು ಸೇಡಂ ಚಿಂಚೋಳಿಯವರು ಮರೆತಿರಲಾರರು. ನಮ್ಮ ಎರೆ ಭೂಮಿಯ ಗುಣವೇ ಹಾಗೆ: ಬಿಸಿಲಿಗೆ ಬಾಯಿ ಬಿಡುತ್ತದೆ, ಮಳೆಗೆ ಕರಗಿ ಹೋಗುತ್ತದೆ. ದಂಡೆಯಲ್ಲಿ ಬೇರು ಹಿಡಿದಿದ್ದರೆ ಮಣ್ಣು ನಿಲ್ಲುವದು. ಇಲ್ಲವಾದರೆ ತೊಗರಿ ಬೆಳೆಯುವ ಮೇಲ್ಮಣ್ಣೇ ಹಳ್ಳಕ್ಕೆ ಬಿದ್ದು, ಮಡುಗಳನ್ನು ಹೂಳಿ, ಮುಂದಿನ ಪ್ರವಾಹಕ್ಕೆ ದಾರಿಯನ್ನು ಊರೊಳಗೆ ತಿರುಗಿಸುವದು.

ಆ ಬೇರುಗಳು ಯಾವುವು? ಹುಲಗಲ, ಹೊಳೆಮತ್ತಿ, ನೇರಳೆ, ಅತ್ತಿ, ಲಕ್ಕಿ, ಈಚಲ; ಕೆಳಗೆ ನೀರಿನ ಅಂಚಿನಲ್ಲಿ ಜೇಕು, ಆಪು, ಕರಿಕೆ. ಹಿರಿಯರಿಗೆ ಇವು ಬರೀ ಗಿಡಗಳಾಗಿರಲಿಲ್ಲ. ಹುಲಗಲದ ಎಣ್ಣೆಯಿಂದ ದೀಪ ಉರಿಯಿತು, ಈಚಲ ಗರಿಯಿಂದ ಕಸಬರಿಗೆಯೂ ಚಾಪೆಯೂ ಆದವು, ಲಕ್ಕಿಯ ಎಲೆ ಹಾಕಿದ ಬಿಸಿನೀರಿನಲ್ಲಿ ಬಾಣಂತಿಯರು ಮಿಂದರು. ನೀರಿನ ಮೇಲೆ ಬಾಗಿದ ಈಚಲಿನಲ್ಲಿ ಗೀಜಗ ಹಕ್ಕಿಯು ಗೂಡು ನೇಯುತ್ತಿತ್ತು. ಈಗ ಎಷ್ಟೋ ಕಡೆ ಹಳ್ಳದ ಎರಡು ಮಗ್ಗುಲಿಗೂ ಕಾಣುವದು ಬಳ್ಳಾರಿ ಜಾಲಿ ಒಂದೇ. ಶಹಾಬಾದ ವಾಡಿಗಳ ಸುತ್ತ, ಮುರಿದ ಪರಸಿ ಕಲ್ಲಿನ ದಿಬ್ಬಗಳ ಮೇಲೂ ಅದೇ.

ಈ ಜಾಲಿಯ ಚರಿತ್ರೆಯನ್ನು ಸ್ವಲ್ಪ ಹೇಳುವದು ಯುಕ್ತ. ಅದು ಅಮೇರಿಕಾ ಖಂಡದ ಗಿಡ. 1877ರಲ್ಲಿ ಅದರ ಬೀಜವನ್ನು ತರಿಸಿ ಕಡಪಾ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರು. ಒಣ ನೆಲಕ್ಕೆ ಹಸುರು, ಬಡವರಿಗೆ ಸೌದೆ ಆಗಲಿ ಎಂಬ ಒಳ್ಳೇ ಉದ್ದೇಶದಿಂದಲೇ ಬಿತ್ತಿದರು. ನಮ್ಮ ನೆರೆಯ ತೆಲುಗಿನವರು ಅದನ್ನು ಇಂದಿಗೂ ಸರ್ಕಾರ್ ತುಮ್ಮ ಎಂದು ಕರೆಯುವದರಲ್ಲಿ ಆ ಸಂಗತಿಯ ನೆನಪು ಉಳಿದಿದೆ. ಅದರ ಕಾಯಿ ಸಿಹಿ. ಆಡು ದನಗಳು ತಿಂದು ಸಗಣಿಯೊಡನೆ ಬೀಜವನ್ನು ಎಲ್ಲೆಡೆ ಹಾಕುತ್ತವೆ. ಕಡಿದರೆ ಬುಡದಿಂದ ಒಂದಕ್ಕೆ ಹತ್ತು ಚಿಗುರು. ಅದರ ನೆರಳಿನಲ್ಲಿ ಹುಲ್ಲು ಏಳದು. ಒಳ್ಳೇ ಮನಸ್ಸಿನಿಂದ ಮಾಡಿದ ಕೆಲಸವೂ ವಿಚಾರವಿಲ್ಲದಿದ್ದರೆ ಮೊಮ್ಮಕ್ಕಳ ಕಾಲಿಗೆ ಮುಳ್ಳಾಗಬಹುದು. ಆದಕಾರಣ ಈಗ ಅದನ್ನು ತೆಗೆಯಲು ಹೊರಟ ನಾವೂ ಅಷ್ಟೇ ಒಳ್ಳೇ ಮನಸ್ಸುಳ್ಳವರೆಂದು ನೆಚ್ಚಿಕೊಂಡು ಧೈರ್ಯಪಡಬಾರದು.

ಯಾಕಂದರೆ ಜಾಲಿಯ ಪಕ್ಷದಲ್ಲಿ ಮಾತಾಡುವವರು ಉಂಟು, ಅವರ ಮಾತು ಹಗುರವಾದದ್ದಲ್ಲ. ಹೊಲವಿಲ್ಲದ ಒಬ್ಬ ವಿಧವೆಯನ್ನು ನೆನಸಿರಿ. ಬೇರೆಯವರ ಬದುವಿನಲ್ಲಿ ಒಂದು ಕಡ್ಡಿ ಮುರಿದರೂ ಬೈಗುಳ ತಿನ್ನಬೇಕಾದ ಆಕೆಗೆ ಹಳ್ಳದ ಜಾಲಿಯು ಯಾರ ಅಪ್ಪಣೆಯೂ ಬೇಡದ ಸೌದೆ. 2016ರಿಂದ ಬಡವರ ಮನೆಗಳಿಗೂ ಗ್ಯಾಸಿನ ಒಲೆ ಬಂತು, ನಿಜ. ಆದರೆ ಸಿಲಿಂಡರ್ ತೀರಿದ ದಿನ ಅದನ್ನು ತುಂಬಿಸಲು ಹಣ ಬೇಕು, ಜಾಲಿಗೆ ಕೊಡಲಿ ಸಾಕು. "ಅಪ್ಪಾ, ಈ ಮುಳ್ಳನ್ನು ನೀವು ಕಿತ್ತು ಹಾಕಿದರೆ ನಾಳೆ ನಾನು ರೊಟ್ಟಿ ಸುಡುವದು ಯಾವ ಉರಿಯ ಮೇಲೆ?" ಎಂದು ಆಕೆ ಕೇಳಿದರೆ, ಪರಿಸರವೆಂದೂ ಪಕ್ಷಿಗಳೆಂದೂ ಉತ್ತರ ಕೊಡುವವನು ಆಕೆಯ ಮುಖವನ್ನು ನೋಡಿ ಕೊಡಲಿ. ಹಳ್ಳಕ್ಕೆ ನ್ಯಾಯ ಮಾಡುವ ನೆವದಿಂದ ಆಕೆಗೆ ಅನ್ಯಾಯ ಮಾಡುವದಾದರೆ ಆ ಕೆಲಸವನ್ನು ಕೈಗೆತ್ತಿಕೊಳ್ಳದಿರುವದೇ ಲೇಸು.

ಹಾಗಾದರೆ ಕೈ ಕಟ್ಟಿ ಕೂತುಕೊಳ್ಳಬೇಕೋ? ಇಲ್ಲಿ ದೂರ ದೇಶದ ಒಂದು ಸಂಗತಿಯು ನಮಗೆ ಬೆಳಕು ಕೊಡುತ್ತದೆ. ಆಸ್ಟ್ರೇಲಿಯಾ ದೇಶದ ಸಿಡ್ನಿ ಪಟ್ಟಣದಲ್ಲಿ ಜೋನ್ ಬ್ರ್ಯಾಡ್ಲಿ, ಐಲೀನ್ ಬ್ರ್ಯಾಡ್ಲಿ ಎಂಬ ಅಕ್ಕತಂಗಿಯರಿದ್ದರು. 1960ರ ದಶಕದಲ್ಲಿ ಇವರು ತಮ್ಮ ಮನೆಯ ಹತ್ತಿರದ ಕಾಡಿನಲ್ಲಿ ತಿರುಗಾಡುವಾಗ ಪರದೇಶದ ಕಳೆಗಳನ್ನು ಕೈಯಿಂದಲೇ ಕಿತ್ತುಹಾಕಲು ಆರಂಭಿಸಿದರು. ಕಳೆಯನ್ನು ಒಟ್ಟಾಗಿ ಕಡಿದು ನೆಲವನ್ನು ಬರಿದು ಮಾಡಿದರೆ ಮತ್ತೆ ಕಳೆಯೇ ಮೊದಲು ಏಳುತ್ತದೆಂಬದನ್ನು ಅವರು ಕಂಡರು. ಆದದರಿಂದ ಮೂರು ನಿಯಮಗಳನ್ನು ಇಟ್ಟುಕೊಂಡರು: ನಾಡ ಗಿಡಗಳು ಇನ್ನೂ ಚೆನ್ನಾಗಿರುವ ಸ್ಥಳದಿಂದ ಆರಂಭಿಸಿ ಕೆಟ್ಟ ಸ್ಥಳದ ಕಡೆಗೆ ಹೋಗಬೇಕು, ಮಣ್ಣನ್ನು ಆದಷ್ಟು ಕದಲಿಸಬಾರದು, ನಾಡ ಗಿಡಗಳು ತಾವಾಗಿ ಎದ್ದು ಜಾಗ ತುಂಬುವಷ್ಟೇ ವೇಗದಲ್ಲಿ ಕಳೆ ತೆಗೆಯಬೇಕು, ಅದಕ್ಕಿಂತ ಬೇಗ ಅಲ್ಲ. ಜೋನಳು 1982ರಲ್ಲಿ ತೀರಿಕೊಂಡಳು. ಆಕೆ ಬರೆದ ಪುಸ್ತಕವು 1988ರಲ್ಲಿ ಹೊರಗೆ ಬಂತು.

ಮೊದಲನೇ ನಿಯಮವು ನಮ್ಮ ಸ್ವಭಾವಕ್ಕೆ ಎಷ್ಟು ವಿರುದ್ಧವಾದದ್ದು! ಎಲ್ಲಿ ಹೆಚ್ಚು ಕೆಟ್ಟಿದೆಯೋ ಅಲ್ಲಿ ನುಗ್ಗಿ, ಒಂದೇ ದಿನದಲ್ಲಿ ನೆಲಸಮ ಮಾಡಿ, ಸಂಜೆಗೆ ಹೊಗಳಿಸಿಕೊಳ್ಳುವದು ನಮಗೆ ಪ್ರಿಯ. ಈ ಅಕ್ಕತಂಗಿಯರ ರೀತಿಯಲ್ಲಿ ಬಹುಕಾಲದ ವರೆಗೆ ತೋರಿಸುವದಕ್ಕೆ ಏನೂ ಇರುವದಿಲ್ಲ. ಆದರೆ ಆ ವಿಧವೆಯ ಪ್ರಶ್ನೆಗೆ ಉತ್ತರವು ಇದರಲ್ಲೇ ಇದೆ ಎಂದು ನಮಗೆ ತೋರುತ್ತದೆ. ಹಳೇ ಹುಲಗಲ, ಹೊಳೆಮತ್ತಿಗಳು ನಿಂತಿರುವ ಗುಂಡಿಯ ಸುತ್ತ ಏಳುವ ಎಳೇ ಜಾಲಿಯನ್ನು ಮಾತ್ರ, ಮಳೆಯಿಂದ ಮಣ್ಣು ಮೆತ್ತಗಿರುವಾಗ, ಬೇರುಸಹಿತ ಕಿತ್ತರೆ ಯಾರ ಒಲೆಯೂ ಆರುವದಿಲ್ಲ. ದಟ್ಟವಾದ ಜಾಲಿಯು ಸದ್ಯಕ್ಕೆ ಆಕೆಯದಾಗಿಯೇ ಇರಲಿ. ಆಕೆಯ ಕೊಡಲಿಯೇ ಅದನ್ನು ಹದವಾಗಿ ಇಡುವದು. ದಂಡೆಯ ಮೇಲ್ಭಾಗದಲ್ಲಿ ನೆಟ್ಟ ನಾಡ ಜಾಲಿಯೂ ಬೇವೂ ಸೌದೆ ಕೊಡುವ ಕಾಲಕ್ಕೆ ಒಂದೊಂದು ಮಾರು ಮುಂದೆ ಹೋಗೋಣ. ಗೋಧಿಯ ನಡುವೆ ಬೆಳೆದ ಹಣಜಿಯನ್ನು ಆತುರದಿಂದ ಕೀಳಬೇಡವೆಂದ ಯಜಮಾನನ ಕಥೆಯು ಇಲ್ಲಿ ಕೆಲವರಿಗೆ ನೆನಪಾಗಬಹುದು. ಆ ಸಾಮ್ಯವು ಮನುಷ್ಯರನ್ನು ಕುರಿತದ್ದೇ ಹೊರತು ಗಿಡಗಳನ್ನು ಕುರಿತದ್ದಲ್ಲ, ಅದನ್ನು ಹಳ್ಳದ ವರೆಗೆ ಎಳೆದು ತರುವದು ನಮಗೆ ಇಷ್ಟವಿಲ್ಲ. ಆದರೂ ಆ ಯಜಮಾನನು ಒಕ್ಕಲುತನ ಬಲ್ಲವನೆಂಬದು ನಿಶ್ಚಯ.

ಕೂಲಿಯ ಪ್ರಶ್ನೆ ಇನ್ನೂ ಉಳಿದಿದೆ. ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ ಕೆರೆಯು ಹಾಳಾಗುತ್ತಿದ್ದದ್ದನ್ನು ನೋಡಲಾರದೆ ನೆರೆಹೊರೆಯವರು ಕೂಡಿ 2010ರಲ್ಲಿ ಒಂದು ಟ್ರಸ್ಟನ್ನು ಮಾಡಿಕೊಂಡು, 2011ರಲ್ಲಿ ನಗರಪಾಲಿಕೆಯೊಡನೆ ಒಪ್ಪಂದಕ್ಕೆ ಬಂದು, ಅದರ ಪಾಲನೆಯನ್ನು ವಹಿಸಿಕೊಂಡರು. ಒಡೆತನವಿಲ್ಲದೆಯೂ ಪಾಲನೆ ಮಾಡಬಹುದೆಂಬದಕ್ಕೆ ಇದು ಒಳ್ಳೇ ದೃಷ್ಟಾಂತ. ಆದರೆ ಅವರು ಪಟ್ಟಣದವರು. ನಮ್ಮ ಸಭೆಗಳಲ್ಲಿ ಆರು ದಿನ ಕಲ್ಲಿನ ಗಣಿಯಲ್ಲಿಯೋ ಬೇರೆಯವರ ತೊಗರಿ ಹೊಲದಲ್ಲಿಯೋ ಬೆನ್ನು ಬಾಗಿಸಿದವನಿಗೆ, ಏಳನೆಯ ದಿನ ಸಲಿಕೆ ಕೊಟ್ಟು ಪುಕ್ಕಟೆ ಅಗೆಯೆಂದು ಹೇಳುವ ಅಧಿಕಾರ ಯಾರಿಗಿದೆ? ಇಂಥಾ ಬಿಟ್ಟಿ ದುಡಿಮೆಗೆ ನಮ್ಮ ಅಜ್ಜಂದಿರ ಕಾಲದಲ್ಲಿ ಬೇರೆ ಹೆಸರಿತ್ತು, ಅದನ್ನು ಅವರು ಸಂತೋಷದಿಂದ ಉಚ್ಚರಿಸುತ್ತಿರಲಿಲ್ಲ.

ಆದದರಿಂದ ನಾವು ಹೀಗೆ ವಿಂಗಡಿಸುತ್ತೇವೆ. ಹೂಳು ಎತ್ತುವದು, ಒಡ್ಡು ಹಾಕುವದು, ಕುಣಿ ತೋಡುವದು ಮೈಮುರಿಯುವ ಕೆಲಸ. ಅದಕ್ಕೆ ಕೂಲಿ ಸಲ್ಲತಕ್ಕದ್ದು. 2005ರ ಉದ್ಯೋಗ ಖಾತರಿ ಕಾಯಿದೆಯ ಕೆಳಗೆ ಇಂಥಾ ಕೆಲಸಗಳು ಕೂಲಿಗೆ ನಡೆದದ್ದುಂಟು; ಅದನ್ನು ಪಂಚಾಯತಿಯಲ್ಲಿ ಎದ್ದು ನಿಂತು ಕೇಳುವದು ದುರಾಶೆಯಲ್ಲ. ಆದರೆ ಯಾವ ಹಾಜರಿ ಪುಸ್ತಕದಲ್ಲಿಯೂ ಬರೆಯಲಾಗದ ಕೆಲಸವೂ ಇದೆ. 1950ರಲ್ಲಿ ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ ಮೇಲೆ ಪ್ರತಿ ವರುಷ ಜುಲೈ ತಿಂಗಳಲ್ಲಿ ಎಷ್ಟು ಸಸಿಗಳು ನೆಡಲ್ಪಟ್ಟವು! ಮಾರ್ಚ್ ತಿಂಗಳಲ್ಲಿ ಅವುಗಳ ಬಳಿಗೆ ಒಂದು ಕೊಡ ನೀರು ಹೊತ್ತವರು ಎಷ್ಟು ಮಂದಿ? ನೆಡುವದನ್ನು ಕೂಲಿಗೆ ಕೊಂಡುಕೊಳ್ಳಬಹುದು. ಆಡು ಬಾಯಿ ಹಾಕುವ ಮೊದಲೇ ಕೂಗುವ ಮುದುಕನನ್ನೂ, ಶಾಲೆಯಿಂದ ಬರುವಾಗ ಎಳೇ ಜಾಲಿಯನ್ನು ಗುರುತಿಸಿ ಕೀಳುವ ಹುಡುಗಿಯನ್ನೂ ಯಾವ ಖಜಾನೆಯೂ ನೇಮಿಸದು. ಈ ಭಾಗವು ಪುಕ್ಕಟೆಯಾಗಿಯೇ ಆಗಬೇಕು, ಮತ್ತು ಬಡವನೂ ಇದನ್ನು ಮೈನೋವಿಲ್ಲದೆ ಕೊಡಬಲ್ಲನು.

ದಂಡೆಯು ಮೊದಲು ಹೇಗಿತ್ತೆಂದು ತಿಳಿಯದವರು ಚಿಂಚೋಳಿಯ ಕಾಡಿನ ಹಳ್ಳಗಳನ್ನು ಹೋಗಿ ನೋಡಬಹುದು. ಆದರೆ ಆ ಕಾಡು 2011ರಿಂದ ವನ್ಯಜೀವಿಧಾಮವಾಗಿರುವದರಿಂದ ಅಲ್ಲಿಯ ಗಿಡವನ್ನಾಗಲಿ ಬೀಜವನ್ನಾಗಲಿ ಅಪ್ಪಣೆಯಿಲ್ಲದೆ ತರತಕ್ಕದ್ದಲ್ಲ. ಬೀಜಕ್ಕೆ ನಮ್ಮ ಊರ ಮರಗಳೇ ಸಾಕು. ಹುಲಗಲದ ಕಾಯಿ ಬೇಸಿಗೆಯಲ್ಲಿ ಉದುರುತ್ತದೆ, ಆರಿಸಿ ಒಣಗಿಸಿ ಇಟ್ಟರೆ ಮಳೆಗಾಲದ ವರೆಗೆ ಕೆಡದು. ಬೇವಿನ ಬೀಜವಾದರೋ ಬಹುದಿನ ತಾಳುವದಿಲ್ಲ; ಹಣ್ಣು ಬಿದ್ದ ಕೆಲವು ವಾರಗಳೊಳಗೆ, ತಿರುಳನ್ನು ತೊಳೆದು, ಹಸಿ ಮಣ್ಣಿನಲ್ಲಿ ಊರಿಬಿಡಬೇಕು.