ಮುರಿದ ಬೋಲ್ಟಿನ ಲೆಕ್ಕ

ಬಿಗಿದು ಕೂತ ಬೋಲ್ಟೊಂದು ಬಿಚ್ಚುವಾಗ ಕೆಟ್ಟುಹೋದರೆ ಅದರ ನಷ್ಟ ಯಾರ ತಲೆಗೆ? ಗಾಡಿಯ ಮಾಲೀಕನಿಗೋ, ಗ್ಯಾರೇಜಿನ ಯಜಮಾನನಿಗೋ, ಕೈಯಲ್ಲಿ ಕೀ ಹಿಡಿದಿದ್ದ ಹುಡುಗನಿಗೋ? ನಗು ಬರುವಷ್ಟು ಸಣ್ಣ ಪ್ರಶ್ನೆ. ಆದರೆ ಹಾಸನದ ಒಂದು ಗ್ಯಾರೇಜಿನ ಮುಂದೆ ಈ ಪ್ರಶ್ನೆ ಎದುರಾದಾಗ ನಾವು ತೆಪ್ಪಗೆ ನಿಂತಿದ್ದೆವು. ಅಂದು ಆಡದೆ ಉಳಿದ ಮಾತು ಇನ್ನೂ ಗಂಟಲಲ್ಲಿದೆ.

ನಾವು ಎಂದರೆ ಅಣ್ಣತಮ್ಮಂದಿರಿಬ್ಬರು. ನಮ್ಮ ಅಬ್ಬಾ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸಂತೆಗಳಲ್ಲಿ ಬಟ್ಟೆ ಮಾರುತ್ತಿದ್ದವರು. ಜೊತೆಯ ವ್ಯಾಪಾರಿಗಳು ಮೈಸೂರಿನ ಯೆಜ್ಡಿಯ ಮೇಲೆ ಗಂಟು ಹೇರಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಅವರು ಹಠ ಮಾಡಿ 1991ರಲ್ಲಿ ಯಮಹಾ ಆರ್‌ಎಕ್ಸ್ 100 ತಂದರು. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 1985ರಿಂದ ಎಸ್ಕಾರ್ಟ್ಸ್ ಕಂಪನಿ ತಯಾರಿಸುತ್ತಿದ್ದ ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಎರಡೂ ಗಾಡಿಗಳು ಒಟ್ಟಿಗೇ ಯತೀಮರಾದವು ಎನ್ನೋಣ. ಅಬ್ಬಾ ತೀರಿಕೊಂಡ ಮೇಲೆ ಆ ಗಾಡಿ ನಮ್ಮಿಬ್ಬರ ಪಾಲಿಗೆ ಬಂತು. ಹಂಚಿಕೊಳ್ಳಲಾಗದ ಆಸ್ತಿ ಅದು; ಮಾರಲು ಇಬ್ಬರಿಗೂ ಮನಸ್ಸಿಲ್ಲ.

ಮೂರು ವರ್ಷದ ಹಿಂದೆ ಅದರ ಮುಂದಿನ ಎಡಗಾಲಿನಿಂದ ಎಣ್ಣೆ ಸೋರತೊಡಗಿತು. ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಕಾಲುಗಳಲ್ಲೂ ಒಂದು ಉಕ್ಕಿನ ಕೊಳವೆ ಅಲ್ಯುಮಿನಿಯಂ ಕೊಳವೆಯೊಳಗೆ ಮೇಲೆ ಕೆಳಗೆ ಜಾರುತ್ತದೆ. ಒಳಗೆ ಎಣ್ಣೆ, ಒಂದು ಸ್ಪ್ರಿಂಗು, ಒಂದು ರಾಡು. ಎಣ್ಣೆಯನ್ನು ತಡೆಯುವ ರಬ್ಬರ್ ಸೀಲು ಸವೆದರೆ ಹೊಸದು ಹಾಕಬೇಕು. ಅದಕ್ಕೆ ಕೊಳವೆಗಳನ್ನು ಬೇರ್ಪಡಿಸಬೇಕು. ಅವೆರಡನ್ನೂ ಕೂಡಿಸಿ ಹಿಡಿದಿರುವುದು ಕಾಲಿನ ತಳದ ಕುಳಿಯಲ್ಲಿ ಅಡಗಿರುವ ಒಂದೇ ಒಂದು ಬೋಲ್ಟು.

ಈ ಬೋಲ್ಟಿನ ಹಠ ಎರಡು ಬಗೆಯದು. ಮಳೆಗಾಲದ ಕೆಸರು ನೀರು ಆ ಕುಳಿಯಲ್ಲಿ ನಿಂತು ತಲೆ ತುಕ್ಕು ಹಿಡಿಯುತ್ತದೆ. ಇದು ಕಣ್ಣಿಗೆ ಕಾಣುವ ಹಠ. ಇನ್ನೊಂದು ಕಾಣುವುದಿಲ್ಲ. ಬೋಲ್ಟು ಒಳಗಡೆ ಯಾವ ರಾಡಿಗೆ ಕಚ್ಚಿಕೊಂಡಿದೆಯೋ ಆ ರಾಡನ್ನು ತಿರುಗದಂತೆ ಹಿಡಿದಿಡಲು ಬೇರೇನೂ ಇಲ್ಲ. ಬೋಲ್ಟು ತಿರುಗಿಸಿದರೆ ರಾಡೂ ಜೊತೆಗೇ ತಿರುಗುತ್ತದೆ. ಇಡೀ ದಿನ ತಿರುಗಿಸಿದರೂ ಒಂದು ಸುತ್ತು ಸಡಿಲವಾಗದು. ಅದನ್ನು ಹಿಡಿದು ನಿಲ್ಲಿಸುವುದು ಮೇಲಿನಿಂದ ಒತ್ತುವ ಸ್ಪ್ರಿಂಗು. ಆದ್ದರಿಂದ ಬಲ್ಲವರು ಮೇಲಿನ ಮುಚ್ಚಳ ಮುಟ್ಟುವುದಿಲ್ಲ. ಕಾಲನ್ನು ಅಮುಕಿ ಹಿಡಿದು, ಸ್ಪ್ರಿಂಗಿನ ಒತ್ತಡ ಇರುವಾಗಲೇ ಕೆಳಗಿನ ಬೋಲ್ಟಿಗೆ ಥಟ್ಟನೆ ಒಂದು ಏಟಿನಂಥ ತಿರುವು ಕೊಡುತ್ತಾರೆ. ಎಳೆದೆಳೆದು ಹಾಕುವ ಬಲ ಅಲ್ಲಿ ಕೆಲಸಕ್ಕೆ ಬಾರದು.

ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಅಂದು ತಿಳಿದಿದ್ದುದು ಒಂದೇ: ಮಾರನೆಯ ದಿನ ಹೊಳೆನರಸೀಪುರದಲ್ಲಿ ನೆಂಟರ ನಿಕಾಹ್, ಅಬ್ಬಾನ ಗಾಡಿಯಲ್ಲೇ ಹೋಗಬೇಕು. ಗ್ಯಾರೇಜಿನ ಉಸ್ತಾದ್ ಯೆಜ್ಡಿಗಳ ಮೇಲೆ ಕೈ ಪಳಗಿಸಿಕೊಂಡ ಹಳೆಯ ಕಾಲದವರು. ಕಾಲನ್ನು ಬಿಚ್ಚಿ ಹೊರತೆಗೆದು, ತಳದ ಕುಳಿಗೆ ಎಣ್ಣೆ ಬಿಟ್ಟು, "ರಾತ್ರಿಯೆಲ್ಲ ನೆನೀಲಿ ಭಾಯ್, ಬೆಳಿಗ್ಗೆ ನೋಡೋಣ. ಲೇ, ನೀನು ಮುಟ್ಟಬೇಡ," ಎಂದು ಹುಡುಗನಿಗೂ ಹೇಳಿ ಅಸರ್ ನಮಾಜಿಗೆ ಹೋದರು. ಹುಡುಗ ಅರಕಲಗೂಡು ಕಡೆಯವನು, ಐಟಿಐ ಮುಗಿಸಿ ಕೆಲಸ ಕಲಿಯಲು ಸೇರಿದ್ದ.

ಉಸ್ತಾದ್ ಬರುವುದು ತಡವಾಯಿತು. "ಕೆಳಗಿಂದು ಬೇಡ, ಮೇಲಿನ ಮುಚ್ಚಳ ಆದರೂ ಬಿಚ್ಚಪ್ಪ, ಕೆಲಸ ಅಷ್ಟು ಮುಂದಕ್ಕೆ ಹೋಗಲಿ," ಎಂದೆವು. ನಮ್ಮಿಬ್ಬರಲ್ಲಿ ಹಾಗೆಂದವರು ಯಾರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅಡಗಿಕೊಳ್ಳಲು 'ನಾವು' ಎಂಬ ಪದದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹುಡುಗ ಬಿಚ್ಚಿದ, ಸ್ಪ್ರಿಂಗು ಹೊರಬಂತು. "ಇಷ್ಟು ಆಯ್ತಲ್ಲ, ಅದನ್ನೂ ನೋಡು." ನೋಡಿದ. ಬೋಲ್ಟು ರಾಡಿನ ಸಮೇತ ತಿರುಗಿತು, ಒಮ್ಮೆ ಕಚ್ಚಿತು, ಮತ್ತೆ ತಿರುಗಿತು. ಅಲೆನ್ ಕೀಗೆ ಪೈಪು ಸಿಕ್ಕಿಸಿ ಎಳೆದ. ಬೋಲ್ಟಿನ ತಲೆಯೊಳಗಿನ ಆರು ಮೂಲೆಗಳು ಸವೆದು ದುಂಡಗಾದವು. ಹೆದರಿಕೆಯಲ್ಲಿ ಡ್ರಿಲ್ ಹಿಡಿದ. ಡ್ರಿಲ್ ಜಾರಿ ಅಲ್ಯುಮಿನಿಯಮ್ಮಿಗೆ ಇಳಿಯಿತು. ತಾಮ್ರದ ವಾಷರ್ ಕೂರಬೇಕಾದ ಜಾಗವೇ ಕಿತ್ತುಹೋಯಿತು. ಇನ್ನು ಎಂಥ ಬೋಲ್ಟು ಹಾಕಿದರೂ ಆ ಕಾಲು ಸೋರುವುದೇ.

ಉಸ್ತಾದ್ ಬಂದು ನೋಡಿದರು. ಬೈಯಲಿಲ್ಲ. ಹಳೆಯ ಕಾಲೊಂದನ್ನು ಹುಡುಕಿ ತರಿಸಲು 1,800 ರೂಪಾಯಿ ಆಗಬಹುದು ಎಂದು ನಮಗೆ ಹೇಳಿ, "ನಿಮ್ಮ ಮೇಲೆ ಹಾಕೋದಿಲ್ಲ, ಇವನ ಶನಿವಾರದ ದುಡ್ಡಲ್ಲಿ ಹಿಡೀತೀನಿ," ಎಂದರು. ಹುಡುಗ ನಮ್ಮ ಮುಖ ನೋಡಿದ. ನಾವು ಸಲಾಂ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆವು.

ಉರ್ದು ಶಾಲೆಯಲ್ಲಿ ಓದಿದವರಿಗೆ ಒಂದು ಚಟವಿರುತ್ತದೆ: ಮನಸ್ಸು ಕೆಟ್ಟಾಗ ಕಿತಾಬು ತಿರುವುವುದು. ಹನ್ನೆರಡನೆಯ ಶತಮಾನದಲ್ಲಿ ಫರ್ಗಾನಾ ಪ್ರಾಂತದ ಬುರ್ಹಾನುದ್ದೀನ್ ಮರ್ಗೀನಾನಿ ಬರೆದ 'ಹಿದಾಯಾ' ಹನಫಿ ನ್ಯಾಯಶಾಸ್ತ್ರದ ದೊಡ್ಡ ಗ್ರಂಥ. ಬ್ರಿಟಿಷರ ಕಾಲದ ಕೋರ್ಟುಗಳೂ ಅದನ್ನು ತಿರುವಿ ನೋಡುತ್ತಿದ್ದವು. ಕೂಲಿ, ಬಾಡಿಗೆಗಳ ಅಧ್ಯಾಯದಲ್ಲಿ ಅದು ನಮ್ಮದೇ ಪ್ರಶ್ನೆಯನ್ನು ಕೇಳುತ್ತದೆ. ಅಲ್ಲಿ ಬೋಲ್ಟಿನ ಬದಲು ಬಟ್ಟೆ ಇದೆ. ಬಟ್ಟೆ ಒಗೆಯುವವನು ಬಡಿಯುವಾಗ ಬಟ್ಟೆ ಹರಿದರೆ ನಷ್ಟ ಯಾರದು? ಇಮಾಂ ಜುಫರ್ ಮತ್ತು ಇಮಾಂ ಶಾಫಿಈ ಹೇಳುವುದು: ಬಡಿ ಎಂದು ಒಪ್ಪಿಸಿದವನು ಮಾಲೀಕ, ಬಡಿತದಲ್ಲಿ ಒಳ್ಳೆಯದೂ ಕೆಟ್ಟದೂ ಸೇರಿಯೇ ಇರುತ್ತದೆ, ಒಗೆಯುವವನ ಮೇಲೆ ಹೊಣೆಯಿಲ್ಲ. ಇಮಾಂ ಅಬೂ ಹನೀಫಾ ಮತ್ತು ಅವರ ಇಬ್ಬರು ಶಿಷ್ಯರು ಒಪ್ಪುವುದಿಲ್ಲ. ಮಾಲೀಕ ಅನುಮತಿ ಕೊಟ್ಟದ್ದು ಸರಿಯಾದ ಬಡಿತಕ್ಕೆ ಮಾತ್ರ, ಹರಿಯುವ ಬಡಿತಕ್ಕಲ್ಲ. ಆದ್ದರಿಂದ ಒಗೆಯುವವನೇ ತೆರಬೇಕು. (ಈಗಿನ ಕೆಲವು ಬಿಲ್ಲುಗಳ ಹಿಂದೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ 'ನಾವು ಜವಾಬ್ದಾರರಲ್ಲ' ಎಂಬ ಸಾಲನ್ನು ನೋಡಿದರೆ, ವ್ಯಾಪಾರಿಗಳೆಲ್ಲ ಜುಫರರ ಅನುಯಾಯಿಗಳೇ ಎನ್ನಿಸುತ್ತದೆ.)

ಹನಫಿಗಳಾದ ನಮಗೆ ಇಷ್ಟು ಓದಿ ಸಮಾಧಾನವಾಗಬೇಕಿತ್ತು. ಆದರೆ ಮುಂದೆ ಇನ್ನೊಂದು ಮಾತಿದೆ. ಊರಿನವರೆಲ್ಲರ ಕೆಲಸ ಮಾಡಿಕೊಡುವ ಕುಶಲಕರ್ಮಿ ಬೇರೆ, ಒಬ್ಬ ಯಜಮಾನನ ಕೈಕೆಳಗೆ ದಿನಗೂಲಿಗೆ ದುಡಿಯುವವನು ಬೇರೆ. ಎರಡನೆಯವನು ಬೇಕೆಂದೇ ಹಾಳು ಮಾಡದಿದ್ದರೆ, ಅವನ ಕೈಯಲ್ಲಿ ಕೆಟ್ಟದ್ದಕ್ಕೂ ಅವನ ಕೆಲಸದಿಂದ ಕೆಟ್ಟದ್ದಕ್ಕೂ ಅವನು ಹೊಣೆಯಲ್ಲ. ಅಂದರೆ ಉಸ್ತಾದ್ ತೆರಬಹುದು, ಹುಡುಗ ತೆರಬೇಕಾಗಿಲ್ಲ. ಎಂಟುನೂರು ವರ್ಷಗಳ ಹಿಂದೆ ಬರೆದ ಈ ಮಾತು ಇಂದಿನ ಎಷ್ಟು ಗ್ಯಾರೇಜುಗಳಲ್ಲಿ, ಹೋಟೆಲುಗಳಲ್ಲಿ ನಡೆಯುತ್ತದೆ? ಲೋಟ ಒಡೆದ ಮಾಣಿಯ ಸಂಬಳ ಮೊದಲು ಮುರಿಯುವುದು ನಮ್ಮ ಊರುಗಳ ರಿವಾಜು. ಅದನ್ನು ಶಿಸ್ತು ಎನ್ನುತ್ತಾರೆ. ನಮಗೆ ಅದು ನಷ್ಟವನ್ನು ಇಳಿಜಾರಿನ ಕಡೆಗೆ ಹರಿಯಬಿಡುವ ಉಪಾಯದಂತೆ ಕಾಣುತ್ತದೆ.

ಇಲ್ಲಿಗೂ ಮುಗಿಯಲಿಲ್ಲ. ಉಸ್ತಾದ್ ಮಾತ್ರ ಏಕೆ ತೆರಬೇಕು? ಅವರು ಮುಟ್ಟಬೇಡ ಎಂದಿದ್ದರು. ಮುಟ್ಟು ಎಂದವರು ನಾವು. ಕಾನೂನು ಪುಸ್ತಕದಲ್ಲಿ ನಮಗೆ ತಪ್ಪಿಸಿಕೊಳ್ಳಲು ಒಂದು ಕಿಂಡಿ ಇತ್ತು: ಕಾರಣನಾದವನೂ ಕೈಯಾರೆ ಮಾಡಿದವನೂ ಇಬ್ಬರಿದ್ದಾಗ ತೀರ್ಪು ಕೈಯಾರೆ ಮಾಡಿದವನ ಕಡೆ ತಿರುಗುತ್ತದೆ ಎಂಬ ಸೂತ್ರ. 1870ರ ದಶಕದಲ್ಲಿ ಉಸ್ಮಾನಿ ತುರ್ಕಿಯರು ಸಿದ್ಧಪಡಿಸಿದ 'ಮಜಲ್ಲಾ' ಸಂಹಿತೆಯಲ್ಲೂ ಅದು ಸೇರಿದೆ. ಸೂತ್ರಕ್ಕೆ ಅದರ ಕಾರಣಗಳಿವೆ. ಆಡಿದ ಪ್ರತಿ ಮಾತಿಗೂ ದಂಡ ಹಾಕುತ್ತ ಕೂತರೆ ಯಾವ ಖಾಜಿಗೂ ಪುರಸತ್ತು ಇರುವುದಿಲ್ಲ. ಆದರೆ ಆ ಸಂಜೆ ಹುಡುಗನ ಕೈ ಪೂರ್ತಿ ಅವನದಾಗಿತ್ತೇ? ಗಾಡಿಯ ಮಾಲೀಕರಿಬ್ಬರು ತಲೆಯ ಮೇಲೆ ನಿಂತು ಗಡಿಯಾರ ನೋಡುತ್ತಿರುವಾಗ ಇಪ್ಪತ್ತರ ಹುಡುಗ 'ಆಗೋದಿಲ್ಲ' ಎನ್ನಬೇಕಾದರೆ ಎಷ್ಟು ಎದೆಗಾರಿಕೆ ಬೇಕು! ಸ್ಪ್ರಿಂಗಿನ ಒತ್ತಡ ರಾಡನ್ನು ನಿಲ್ಲಿಸುವಂತೆ ಅವನನ್ನು ನಿಲ್ಲಿಸಿದ್ದು ಉಸ್ತಾದರ ಒಂದು ಮಾತು. ಆ ಒತ್ತಡವನ್ನು ನಾವು ತೆಗೆದುಬಿಟ್ಟೆವು. ಆಮೇಲೆ ಅವನು ನಮ್ಮ ಜೊತೆಗೇ ತಿರುಗಿದ.

ಮುಂದಿನ ಶನಿವಾರ ಗ್ಯಾರೇಜಿಗೆ ಹೋದೆವು. ದಾರಿಯುದ್ದಕ್ಕೂ ಯಾರು ಮಾತೆತ್ತಬೇಕೆಂಬ ಚರ್ಚೆಯೇ. ಕೊನೆಗೆ ಕಾಲಿನ ದುಡ್ಡು ನಮ್ಮದೆಂದೂ, ಮೇಲಿನ ಮುಚ್ಚಳ ಬಿಚ್ಚಿಸಿದವರು ನಾವೆಂದೂ ಹೇಳಿದೆವು. ಉಸ್ತಾದ್ ಕೈ ಒರೆಸಿಕೊಳ್ಳುತ್ತ, "ಗೊತ್ತಿತ್ತು ಭಾಯ್. ಅವನಾಗಿ ಬಿಚ್ಚೋನಲ್ಲ. ನೀವು ಹೇಳ್ತೀರೇನೋ ಅಂತ ನೋಡ್ತಿದ್ದೆ," ಎಂದರು. ಇಷ್ಟೆಲ್ಲ ತಿಳಿದೂ ಹುಡುಗನ ಮೊದಲ ಕಂತು, 600 ರೂಪಾಯಿ, ಹಿಡಿದಿದ್ದರು ಎಂಬುದು ನಮಗೆ ಇಂದಿಗೂ ಒಗ್ಗಿಲ್ಲ. ಆದರೆ ಅದನ್ನು ಕೇಳುವ ನೈತಿಕತೆ ಆಗ ನಮ್ಮಲ್ಲಿರಲಿಲ್ಲ.

1,800 ರೂಪಾಯಿಯಲ್ಲಿ ಆ 600ನ್ನು ಹುಡುಗನ ಕೈಗೇ ಕೊಡಲು ಹೋದೆವು. ಅವನು ಎಣಿಸಲಿಲ್ಲ. "ಇದು ಖುಷಿಗೆ ಕೊಡೋದಾ ಸಾರ್?" ಎಂದ.

"ಅಲ್ಲಪ್ಪ, ನಿನ್ನದೇ. ತಪ್ಪು ನಮ್ಮದು," ಎಂದೆವು. ಈ ಸಲ ಇಬ್ಬರೂ ಹೇಳಿದ್ದು ಇಬ್ಬರಿಗೂ ನೆನಪಿದೆ.

ಅವನು ದುಡ್ಡನ್ನು ಜೇಬಿಗೆ ಹಾಕಿಕೊಂಡ. ಬಲಗಾಲಿನ ಸೀಲನ್ನೂ ಬದಲಾಯಿಸಬೇಕಿತ್ತು. ಮೇಲಿನ ಮುಚ್ಚಳ ಬಿಗಿಯಾಗಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿ, ಕಾಲನ್ನು ನೆಲಕ್ಕೆ ಊರಿ, "ಸಾರ್, ಸ್ವಲ್ಪ ಜೋರಾಗಿ ಅಮುಕಿ ಹಿಡ್ಕೊಳ್ಳಿ," ಎಂದು ನಮ್ಮನ್ನೇ ಕರೆದ.